ಆದಿಕಾಲದ ಉಗಿಬಂಡಿಗಳು ಮತ್ತು ಅವುಗಳ ಅವಘಡಗಳು: ಒಂದು ಆಧಾರವಿಚಾರ

ಉಗಿಬಂಡಿಯ ಚರಿತ್ರೆ ಎಂದೊಡನೆ ಸ್ಟೀಫನ್‌ಸನ್ನನ ಹೆಸರೂ 1829ರ ‘ರಾಕೆಟ್’ ಎಂಜಿನ್ನೂ ಮೊದಲು ನೆನಪಿಗೆ ಬರುವುದು ರೂಢಿ. ಆದರೆ ಅದಕ್ಕೆ ಕಾಲು ಶತಮಾನದಷ್ಟು ಹಿಂದೆಯೇ, 1804ನೆಯ ಇಸವಿ ಫೆಬ್ರವರಿ 21ರಂದು, ದಕ್ಷಿಣ ವೇಲ್ಸಿನ ಪೆನಿಡ್ಯಾರೆನ್ ಕಬ್ಬಿಣದ ಕಾರ್ಖಾನೆಯಿಂದ ಹೊರಟ ರಿಚರ್ಡ್ ಟ್ರೆವಿಥಿಕ್ಕನ ಯಂತ್ರವು 10 ಟನ್ ಕಬ್ಬಿಣವನ್ನೂ ಸುಮಾರು 70 ಮಂದಿಯನ್ನೂ ಎಳೆದುಕೊಂಡು, 9 ಮೈಲಿಗೂ ಮಿಕ್ಕಿದ ದಾರಿಯನ್ನು 4 ಗಂಟೆಗಳಿಗೆ ತುಸು ಹೆಚ್ಚು ಕಾಲದಲ್ಲಿ ಕ್ರಮಿಸಿತ್ತು. ಅದರ ಭಾರಕ್ಕೆ ಎರಕದ ಹಳಿಗಳು ಮುರಿದುವು. ಈ ಮೊದಲ ಬಂಡಿಗಳು ಪ್ರಯಾಣಿಕರಿಗಾಗಿ ಹುಟ್ಟಿದವಲ್ಲ. ಗಣಿ ಕಾರ್ಖಾನೆಗಳ ಊಳಿಗಕ್ಕಾಗಿ ಹುಟ್ಟಿದುವು. ಆದುದರಿಂದಲೇ ಅವುಗಳ ಅವಘಡಗಳ ವೃತ್ತಾಂತ ಒಂದೆಡೆ ದೊರೆಯುವುದಿಲ್ಲ. ಬ್ರಿಟನ್ನಿನಲ್ಲಿ ರೈಲ್ವೆಗೆ ಸರಕಾರಿ ಪರಿವೀಕ್ಷಕರು ನೇಮಕವಾದುದೇ 1840ರ ಶಾಸನದಿಂದ. ಅದಕ್ಕೂ ಹಿಂದಿನದನ್ನು ಅರಸುವವನಿಗೆ ವೃತ್ತಪತ್ರಿಕೆ, ಮರಣವಿಚಾರಣೆಯ ಕಡತ, ಖಾಸಗಿ ಕಾಗದ ಇವೇ ಗತಿ. ಓಲೆಗರಿಯ ಪಾಠಾಂತರಗಳೊಡನೆ ಹೆಣಗುವ ಗ್ರಂಥಸಂಪಾದಕನ ಕಷ್ಟವೇ ಇಲ್ಲಿಯೂ ಉಂಟು.

1815ನೆಯ ಜುಲೈ 31ರ ದುರಂತವನ್ನು ನೋಡಬಹುದು. ವಿಲಿಯಂ ಬ್ರಂಟನ್ ಎಂಬವನು ಹಿಂದಿನಿಂದ ಎರಡು ಕಾಲುಗಳಿಂದ ನೆಲವನ್ನೊದ್ದು ಸಾಗುವ ‘ಉಗಿಗುದುರೆ’ಯನ್ನು ನಿರ್ಮಿಸಿದ್ದನು. ಅದು ಫಿಲಡೆಲ್ಫಿಯಾದಲ್ಲಿ, ಎಂದರೆ ಅಮೆರಿಕದ ನಗರವಲ್ಲ, ಇಂಗ್ಲೆಂಡಿನ ಡರ್ಹ್ಯಾಂ ಸೀಮೆಯ ಗಣಿಯೂರಿನಲ್ಲಿ, ನೋಡಲು ನೆರೆದ ಜನರ ನಡುವೆ ಸಿಡಿಯಿತು. ಸತ್ತವರು ಒಂದು ಮೂಲದಲ್ಲಿ 13, ಮತ್ತೊಂದರಲ್ಲಿ 16. ಸುಟ್ಟ ಗಾಯಗಳಿಂದ ಅನಂತರ ಸತ್ತವರನ್ನು ಒಬ್ಬನು ಸೇರಿಸಿ, ಮತ್ತೊಬ್ಬನು ಬಿಟ್ಟರೆ ಇಂತಹ ಅಂತರ ಸಹಜವಾಗಿಯೇ ಬರುತ್ತದೆ.

ಸಂಖ್ಯೆಗಿಂತ ತೊಡಕಿನದು ಕಾರಣದ ನಿರ್ಣಯ. 1803ರಲ್ಲಿ ಗ್ರೀನಿಚ್ಚಿನಲ್ಲಿ ಟ್ರೆವಿಥಿಕ್ಕನ ಸ್ಥಿರಯಂತ್ರವೊಂದರ ಬಾಯ್ಲರು ಒಡೆದು ನಾಲ್ವರು ಮಡಿದರು. ಯಂತ್ರ ಕಾಯಬೇಕಾದ ಹುಡುಗನು ಹಾವುಮೀನು ಹಿಡಿಯಲು ಹೋದನೆಂದೂ, ಅವನ ಬದಲಿಗೆ ನಿಂತವನು ಸುರಕ್ಷಾ ಕವಾಟವನ್ನು ಬಿಡಿಸದೆಯೇ ಯಂತ್ರವನ್ನು ನಿಲ್ಲಿಸಿದನೆಂದೂ ಟ್ರೆವಿಥಿಕ್ಕನೇ ಕಾಗದ ಬರೆದಿದ್ದಾನೆ. ಪ್ರತಿಸ್ಪರ್ಧಿಗಳಾದ ಬೌಲ್ಟನ್ ಮತ್ತು ವಾಟ್ ಈ ಸುದ್ದಿಯನ್ನು ಪತ್ರಿಕೆಗಳಲ್ಲಿ ತಿರುಚಿ ಹಬ್ಬಿಸುತ್ತಿರುವರೆಂಬುದೂ ಅವನ ದೂರು. ಇಬ್ಬರೂ ಲಾಭನಷ್ಟವುಳ್ಳ ಸಾಕ್ಷಿಗಳು. ಆದರೂ ಅವನು ಮುಂದೆ ತನ್ನ ಯಂತ್ರಗಳಿಗೆ ಎರಡು ಸುರಕ್ಷಾ ಕವಾಟಗಳನ್ನೂ, ನೀರು ಬತ್ತಿದರೆ ಕರಗುವ ಸೀಸದ ಬಿರಡೆಯನ್ನೂ ಅಳವಡಿಸಿದನೆಂಬುದು ಮಾತಿಗಿಂತ ಬಲವಾದ ಆಧಾರ. ತಪ್ಪು ಕೇವಲ ಆಳಿನದೆಂದು ಅವನೂ ನಂಬಿರಲಿಲ್ಲವೆಂದು ಊಹಿಸಲಡ್ಡಿಯಿಲ್ಲ.

ಲೀಡ್ಸಿನ ಮಿಡಲ್ಟನ್ ಗಣಿಮಾರ್ಗದ ‘ಸಾಲಮಂಕಾ’ 1818ರಲ್ಲಿ ಸಿಡಿದಾಗಲೂ ಚಾಲಕನೇ ಕವಾಟವನ್ನು ಕೆಡಿಸಿದನೆಂದು ಸ್ಟೀಫನ್‌ಸನ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ನುಡಿದನು. ಅವನದೇ ‘ಲೋಕೋಮೋಶನ್’ 1828ರಲ್ಲಿ ಸಿಡಿದು ಚಾಲಕನನ್ನು ಬಲಿಗೊಂಡಿತು. 1831ನೆಯ ಜೂನ್ 17ರಂದು ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ‘ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್ಸ್‌ಟನ್’ ಸಿಡಿದಾಗ, ಉಗಿಯ ಬುಸುಗುಟ್ಟುವಿಕೆಗೆ ಬೇಸತ್ತ ಫೈರ್‌ಮನ್ ಕವಾಟವನ್ನು ಅದುಮಿ ಹಿಡಿದನೆಂಬ ವೃತ್ತಾಂತ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆ. ಆತನು ಗುಲಾಮನಾಗಿದ್ದನು, ಆ ಅವಘಡದಲ್ಲೇ ಸತ್ತನು. ಗಾಯಗೊಂಡ ಚಾಲಕನ ಹೆಸರು ಡ್ಯಾರೆಲ್ ಎಂದು ಗ್ರಂಥಗಳಲ್ಲಿದೆ, ಯಂತ್ರವು ದುರಸ್ತಿಯಾಗಿ ‘ಫೀನಿಕ್ಸ್’ ಎಂಬ ಹೊಸ ಹೆಸರನ್ನೂ ಪಡೆಯಿತು. ಅಪರಾಧಿಯೆನಿಸಿದವನ ಹೆಸರು ಮಾತ್ರ ದಾಖಲೆಯಲ್ಲಿಲ್ಲ. ಸತ್ತವನು ಪ್ರತಿವಾದಿಸಲಾರನು. ಇಂತಹ ಹೇಳಿಕೆಗಳನ್ನು ಸಂಶೋಧಕನು ಸುಳ್ಳೆಂದು ತಳ್ಳಬೇಕಾಗಿಲ್ಲ; ಯಾರು, ಯಾರ ಹಿತಕ್ಕಾಗಿ ಹೇಳಿದರೆಂದು ಕೇಳದೆ ಒಪ್ಪಬಾರದು.

ಯಂತ್ರದ ಸ್ಥಿತಿಯನ್ನೂ ಜೊತೆಗಿಟ್ಟು ನೋಡಬೇಕು. ಎರಕದ ಕಬ್ಬಿಣ ಬಾಗದೆ ಒಮ್ಮೆಲೇ ಒಡೆಯುವ ವಸ್ತು. ಬೂರ್ದಾನನ ಒತ್ತಡಮಾಪಕ ಬಂದುದು 1849ರಲ್ಲಿ. ಮೊದಲ ಚಾಲಕರು ಒಳಗಿನ ಒತ್ತಡವನ್ನು ಬಹುಮಟ್ಟಿಗೆ ಕಿವಿಯಿಂದಲೇ ಅಳೆದರು. ಕೈಗೆಟಕುವ ಕವಾಟವನ್ನು ಬಿಗಿದರೆ ಏರಿನಲ್ಲಿ ಬಂಡಿ ಚೆನ್ನಾಗಿ ಎಳೆಯುತ್ತಿದ್ದುದೂ ನಿಜವೇ. 1850ರ ದಶಕದಲ್ಲಿ ಜಾನ್ ರಾಮ್ಸ್‌ಬಾಟಮ್ ಎರಡು ಕವಾಟಗಳ ನಡುವೆ ಒಂದೇ ಸುರುಳಿಯನ್ನಿಟ್ಟು, ಸನ್ನೆಯನ್ನು ಮೇಲಕ್ಕೆತ್ತಿದರೂ ಕೆಳಕ್ಕೊತ್ತಿದರೂ ಎರಡರಲ್ಲೊಂದು ಸಡಿಲಗೊಂಡು ಉಗಿ ಹೊರಬೀಳುವಂತೆ ಮಾಡಿದನು.