ಅನುವಂಶೀಯತೆ ಪಾಠದಲ್ಲಿ ಬಂದ ಒಂದು ಪ್ರಶ್ನೆ

ಮುರಗೋಡದಲ್ಲಿ ಹತ್ತನೇ ತರಗತಿಗೆ ಅನುವಂಶೀಯತೆ ಪಾಠ. ಕಿವಿಹಾಲೆಯ ಉದಾಹರಣೆ ಮುಗಿಯುತ್ತಲೇ ಒಬ್ಬ ಕೇಳಿದ: “ಸರ್, ಗಂಟಿಚೋರ ಮಂದಿಗೆ ಕಳವು ರಕ್ತದಾಗ ಬರತೈತಲ್ರಿ?” ತರಗತಿ ನಕ್ಕಿತು, ಒಬ್ಬ ಹುಡುಗ ತಲೆ ತಗ್ಗಿಸಿದ.

ಬೈದು ಬಾಯಿ ಮುಚ್ಚಿಸಲಿಲ್ಲ. ಅದು ವಿಜ್ಞಾನದ ಪ್ರಶ್ನೆಯೇ. “ನಿಮ್ಮಪ್ಪ ಕಲಿತ ಟ್ರ್ಯಾಕ್ಟರ್ ವಿದ್ಯೆ ನಿನಗ ಹುಟ್ಟುತ್ಲೇ ಬಂತೇನು?” ಎಂದೆ. “ಇಲ್ರಿ, ಕಲೀಬೇಕು” ಎಂದ. ಕಲಿತದ್ದು ವಂಶಾಣುವಿಗೆ ಇಳಿಯದು ಎಂಬ ಅಂಶ ಅಲ್ಲಿಯೇ ಸಿಕ್ಕಿತು.

ಹುಟ್ಟಿನಿಂದಲೇ ಅಪರಾಧಿಗಳೆಂದು ಸಮುದಾಯಗಳ ಪಟ್ಟಿ ಮಾಡುವುದು ಬ್ರಿಟಿಷರ 1871ರ ಕಾಯ್ದೆಯಿಂದ ಆರಂಭವಾಯಿತು. ಅಂಥವರನ್ನು ಕಾವಲಿನಲ್ಲಿಟ್ಟ ಹುಬ್ಬಳ್ಳಿಯ ಜಾಗಕ್ಕೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. ಕಾಯ್ದೆ 1952ರಲ್ಲಿ ರದ್ದಾಯಿತು. ‘ಚೋರ’ ಮಾತ್ರ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಉಳಿದು ಮಕ್ಕಳ ಪ್ರಮಾಣಪತ್ರಕ್ಕೂ ಬರುತ್ತದೆ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವಾಗ ಅದನ್ನು ತರಗತಿಯಲ್ಲೇ ಗಟ್ಟಿಯಾಗಿ ಓದುವವರಿದ್ದಾರೆ.