ಕಾಲು ಹನಿಯ ಲೆಕ್ಕ

ಪ್ರಶ್ನೆ: ನಮ್ಮೂರ ಡೈರಿಯಲ್ಲಿ ಫ್ಯಾಟ್ ನೋಡಲು ಹಾಲನ್ನು 10.75 ಎಂಎಲ್ ಅಂತ ಅಳೀತಾರೆ. ಹತ್ತೋ ಹನ್ನೊಂದೋ ಯಾಕಲ್ಲ? ಆ ಗಾಜಿನ ಸಾಮಾನಿಗೆ ಅಳತೆ ಗೊತ್ತುಮಾಡಿದವರು ಯಾರು?
- ಓದುಗರೊಬ್ಬರು, ಮರಳವಾಡಿ

ಉತ್ತರ: ದಿನಾ ಹಾಲು ಹಾಕುವವರಿಗೆ ಬರಬೇಕಾದ ಪ್ರಶ್ನೆಯೇ ಇದು. ಉದ್ದ ಕತ್ತಿನ ಆ ಗಾಜಿನ ಬುಡ್ಡಿಯ ಹೆಸರು ಬ್ಯುಟಿರೋಮೀಟರ್. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1891ರ ಹೊತ್ತಿಗೆ ರೂಪಿಸಿದ್ದು. 10 ಎಂಎಲ್ ಗಂಧಕಾಮ್ಲ, ಮೇಲೆ ಹಾಲು, 1 ಎಂಎಲ್ ಅಮೈಲ್ ಆಲ್ಕೊಹಾಲ್ ಸುರಿದು, ಬಿರಡೆ ಬಿಗಿದು ಕುಲುಕಿದರೆ ಆಮ್ಲವು ಜಿಡ್ಡನ್ನು ಬಿಟ್ಟು ಉಳಿದದ್ದನ್ನೆಲ್ಲ ಕರಗಿಸುತ್ತದೆ. ಯಂತ್ರದಲ್ಲಿ ಗಿರ್ರನೆ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿಟ್ಟು ತೆಗೆದರೆ ಜಿಡ್ಡು ಕತ್ತಿನಲ್ಲಿ ಹಳದಿ ಪಟ್ಟಿಯಾಗಿ ನಿಂತಿರುತ್ತದೆ.

ಗುಟ್ಟಿರುವುದು ಆ ಕತ್ತಿನಲ್ಲೇ. ಅದರ ಮೇಲೆ ಶೇಕಡಾ 1 ಎಂದು ಗುರುತಿಸಿದ ಜಾಗದಲ್ಲಿ ಹಿಡಿಯುವುದು 0.125 ಎಂಎಲ್ ಜಿಡ್ಡು ಮಾತ್ರ. ಬಿಸಿ ಜಿಡ್ಡಿನ ಸಾಂದ್ರತೆ ಸುಮಾರು 0.9; ಅಂದರೆ ತೂಕ 0.1125 ಗ್ರಾಂ. ಇದು ನೂರರಲ್ಲೊಂದು ಪಾಲು ಆಗಬೇಕಾದರೆ ಹಾಲು 11.25 ಗ್ರಾಂ ಬೇಕು, ಅಳತೆಯಲ್ಲಿ 10.9 ಎಂಎಲ್ ಚಿಲ್ಲರೆ. ಮೊದಲು 11 ಎಂಎಲ್ಲೇ ಹಾಕುತ್ತಿದ್ದರು. ಈಥರಿನಲ್ಲಿ ಜಿಡ್ಡನ್ನು ಕರಗಿಸಿ ಒಣಗಿಸಿ ತೂಗುವ ನಿಧಾನದ ವಿಧಾನದೊಂದಿಗೆ ತಾಳೆ ನೋಡಿದಾಗ ಅದು ತುಸು ಹೆಚ್ಚು ತೋರಿಸುತ್ತಿತ್ತು. ಇಳಿಸುತ್ತ ಬಂದು ನಮ್ಮಲ್ಲಿ 10.75ಕ್ಕೆ ನಿಂತಿತು. ಹಾಲು ಅಳೆಯುವ ಹಳೇ 11ರ ಪೈಪೆಟ್ಟೇ ಇದ್ದಿದ್ದರೆ ನಿಮ್ಮ 4.0 ಫ್ಯಾಟು 4.1 ಆಗುತ್ತಿತ್ತು. ಸಂಘದವರು ಒಪ್ಪುತ್ತಿರಲಿಲ್ಲ, ಬಿಡಿ!

ಡೈರಿ ಮಾತಿನಲ್ಲಿ ಒಂದು ಪಾಯಿಂಟ್ ಎಂದರೆ 0.1. ಕತ್ತಿನಲ್ಲಿ ಅದು 0.0125 ಎಂಎಲ್, ಒಂದು ಹನಿ ನೀರಿನ ಕಾಲು ಭಾಗ. ನಿಮ್ಮ ದರ ಏರಿಳಿಯುವುದು ಈ ಕಾಲು ಹನಿಯ ಮೇಲೆ. ಕೊಳವೆ ಒಂದು ಕೂದಲೆಳೆ ದಪ್ಪವಾದರೂ ಲೆಕ್ಕ ತಪ್ಪಿತು.

ರಸಾಯನಶಾಸ್ತ್ರಜ್ಞರಿಗೂ ಇದೇ ಪೇಚು ಎದುರಾಗಿತ್ತು. ಆಸ್ಟ್ರಿಯಾದ ಫ್ರಿಟ್ಸ್ ಪ್ರೆಗ್ಲ್ ಕೆಲವೇ ಮಿಲಿಗ್ರಾಂ ವಸ್ತುವಿನಲ್ಲಿ ಇಂಗಾಲ, ಜಲಜನಕ ಎಷ್ಟಿದೆ ಎಂದು ಲೆಕ್ಕ ಹಾಕುವ ಸೂಕ್ಷ್ಮ ವಿಶ್ಲೇಷಣೆಗಾಗಿ 1923ರ ನೊಬೆಲ್ ಪಡೆದರು. ಮಾದರಿ ಚಿಕ್ಕದಾದಷ್ಟೂ ಪಾತ್ರೆಯ ತಪ್ಪು ದೊಡ್ಡದಾಗುತ್ತದೆ. ಒಬ್ಬೊಬ್ಬ ಗಾಜು ಊದುವವ ಒಂದೊಂದು ಅಳತೆಯಲ್ಲಿ ಮಾಡಿಕೊಟ್ಟರೆ ಪ್ರೆಗ್ಲರ ಗ್ರಾಜ್ ಊರಿನ ಉತ್ತರ ಬೆಂಗಳೂರಿನಲ್ಲಿ ಬಾರದು. ಅದಕ್ಕೇ ಅಮೆರಿಕನ್ ಕೆಮಿಕಲ್ ಸೊಸೈಟಿ ಇಂಥ ಉಪಕರಣಗಳ ಅಳತೆಗಳನ್ನು ಏಕರೂಪ ಮಾಡಲು ಸಮಿತಿಯನ್ನೇ ನೇಮಿಸಿತ್ತು.

ನಮ್ಮ ದೇಶದಲ್ಲಿ ಆ ಕೆಲಸ ಭಾರತೀಯ ಮಾನಕ ಬ್ಯೂರೋದ್ದು. ಗರ್ಬರ್ ಸಾಮಾನಿಗೆ ಅದು ಕೊಟ್ಟ ಮಾನಕದ ನಂಬರು ಐಎಸ್ 1223, ಪರೀಕ್ಷೆಯ ಕ್ರಮಕ್ಕೆ ಐಎಸ್ 1224. ನನಗೆ ಇಷ್ಟವಾದ ವಿಷಯ ಇನ್ನೊಂದಿದೆ. ಯೂರೋಪಿನವರು ಗಾಜಿನ ಅಳತೆಯನ್ನು 20 ಡಿಗ್ರಿ ಉಷ್ಣತೆಗೆ ಗೊತ್ತುಮಾಡಿಕೊಂಡರೆ ನಮ್ಮವರು ಆರಿಸಿಕೊಂಡದ್ದು 27 ಡಿಗ್ರಿ. ಮರಳವಾಡಿಯ ಹವೆಗೆ ಯಾವುದು ಹತ್ತಿರ ಎಂದು ನಿಮಗೇ ಗೊತ್ತು.

ಈಗ ಬಹಳ ಕಡೆ ಮಿಲ್ಕ್ ಅನಲೈಸರ್ ಬಂದಿದೆ, ಲೋಟ ಇಟ್ಟರೆ ಅಂಕಿ ಮೂಡುತ್ತದೆ. ಆದರೆ ಆ ಯಂತ್ರ ಸರಿ ಹೇಳುತ್ತಿದೆಯೇ ಎಂದು ಪರೀಕ್ಷಿಸಲು ಸಾಮಾನ್ಯವಾಗಿ ಮೊರೆಹೋಗುವುದು ಈ ಗಾಜಿನ ಬುಡ್ಡಿಗೇ.

ಮುಂದಿನ ಸಲ ಡೈರಿಗೆ ಹೋದಾಗ ಪೈಪೆಟ್ಟಿನ ಮೇಲಿನ ಬರಹ ಓದಿ, ತುದಿ ಮುಕ್ಕಾಗಿದೆಯೇ ನೋಡಿ. ಮುಕ್ಕಾದದ್ದು ಸರಿಯಾಗಿ ಅಳೆಯಲಾರದು. ಮಾದರಿ ತೆಗೆಯುವ ಮೊದಲು ಹಾಲನ್ನು ಚೆನ್ನಾಗಿ ಕಲಕಲು ಹೇಳಿ. ಕೆನೆ ಮೇಲೇ ಉಳಿದಿದ್ದರೆ ಯಾವ ಐಎಸ್ ನಂಬರೂ ನಿಮ್ಮ ನೆರವಿಗೆ ಬರುವುದಿಲ್ಲ.