ಖಾಲಿ ಬಾಟಲಿಯ ಲೆಕ್ಕ: ದಿನನಿತ್ಯದ ಸಮಸ್ಯೆಯಿಂದ ಗಣಿತ ಪಾಠ

ಮ್ಯೂನಿಕ್‌ನಲ್ಲಿ ಓದುವ ನಮ್ಮಲ್ಲಿ ಹಲವರಿಗೆ ಒಂದಲ್ಲ ಒಂದು ದಿನ ಈ ಕೋರಿಕೆ ಬಂದೇ ಬರುತ್ತದೆ: "ನೀವು ಇಂಜಿನಿಯರಿಂಗ್ ಓದ್ತಾ ಇದ್ದೀರಲ್ಲ, ನಮ್ಮ ಮಗೂಗೆ ಸ್ವಲ್ಪ ಮ್ಯಾಥ್ಸ್ ಹೇಳಿಕೊಡ್ತೀರಾ?" ಮಗು ನಾಲ್ಕನೇ ಕ್ಲಾಸಿನಲ್ಲಿದ್ದರೆ ಈ ಮಾತಿನ ಹಿಂದೆ ಆತಂಕವೂ ಇರುತ್ತದೆ. ಬವೇರಿಯಾದಲ್ಲಿ ಆ ವರ್ಷದ ಮೇ ತಿಂಗಳಿನ ಅಂಕಪಟ್ಟಿಯಲ್ಲಿ ಜರ್ಮನ್, ಗಣಿತ, ಪರಿಸರ ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಿಮ್ನಾಸಿಯಂಗೆ ನೇರ ದಾರಿ (ಇಲ್ಲಿ 1 ಅಂದರೆ ಅತ್ಯುತ್ತಮ). 2.33 ಅಂದರೆ ಮೂರೂ ಅಂಕ ಕೂಡಿದರೆ 7 ದಾಟಬಾರದು, ಅಷ್ಟೇ. ಈ ಲೆಕ್ಕ ಮಗುವಿಗಲ್ಲ, ಅಪ್ಪ ಅಮ್ಮನಿಗೆ ಹೇಳಿ. ಮಗುವಿನ ಮುಂದೆ ಈಗಾಗಲೇ ವರ್ಕ್‌ಶೀಟ್‌ಗಳ ರಾಶಿ ಇರುತ್ತದೆ. ಅದರ ಮೇಲೆ ನಾವೂ ಇನ್ನೊಂದು ಹಾಳೆ ಇಡೋದು ಬೇಡ.

ಸಮಸ್ಯೆ ಆಧಾರಿತ ಕಲಿಕೆ ಅನ್ನೋದು 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಹೊಸ ವೈದ್ಯಕೀಯ ಶಾಲೆಯಿಂದ ಹೆಸರಾದ ಪದ್ಧತಿ. ಅಲ್ಲಿ ಮೊದಲು ರೋಗಿಯ ಕಥೆ, ಅದಕ್ಕೆ ಬೇಕಾದ ಪಾಠ ಆಮೇಲೆ. ಗಣಿತಕ್ಕೂ ಅದೇ ಕ್ರಮ: ಮೊದಲು ಸಮಸ್ಯೆ, ಸೂತ್ರ ನಂತರ. "ರಾಮು ಹತ್ತಿರ 12 ಮಾವಿನಹಣ್ಣು ಇವೆ" ಅನ್ನೋ ವಾಕ್ಯರೂಪದ ಲೆಕ್ಕ ಇದಲ್ಲ. ಅದರಲ್ಲಿ ಭಾಗಾಕಾರದ ಪಾಠ ಮುಗಿದ ಮೇಲೆ ಭಾಗಾಕಾರದ್ದೇ ಲೆಕ್ಕ ಬರುತ್ತದೆ, ಮಗು ಯೋಚಿಸದೇ ಭಾಗಿಸುತ್ತದೆ. ನಿಜವಾದ ಸಮಸ್ಯೆಯಲ್ಲಿ ಯಾವ ಲೆಕ್ಕ ಹಾಕಬೇಕು ಅಂತ ತೀರ್ಮಾನಿಸೋದೇ ಅರ್ಧ ಕೆಲಸ.

ಇಲ್ಲಿ ಅಂಥ ಸಮಸ್ಯೆ ಪ್ರತಿ ಮನೆಯ ಬಾಗಿಲ ಹಿಂದೆ ಚೀಲದಲ್ಲಿ ಕೂತಿರುತ್ತದೆ. ಖಾಲಿ ಬಿಯರ್ ಬಾಟಲಿ ವಾಪಸ್ ಕೊಟ್ಟರೆ 8 ಸೆಂಟ್, ಮರುಬಳಕೆಯ ನೀರಿನ ಬಾಟಲಿಗೆ 15, ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿ ಅಥವಾ ಕ್ಯಾನ್‌ಗೆ 25. (ಬಿಯರ್ ಯಾರು ಕುಡಿದದ್ದು ಅನ್ನೋದು ಗಣಿತದ ಪ್ರಶ್ನೆ ಅಲ್ಲ.) ಯಂತ್ರದಿಂದ ಬರುವ ಚೀಟಿಯ ಮೇಲ್ಭಾಗವನ್ನು ಬೆರಳಿನಿಂದ ಮುಚ್ಚಿ, ಒಟ್ಟು ಮೊತ್ತ ಮಾತ್ರ ತೋರಿಸಿ. 71 ಸೆಂಟ್ ಅಂತ ಇಟ್ಟುಕೊಳ್ಳಿ. ಯಂತ್ರಕ್ಕೆ ಯಾವ ಬಾಟಲಿ ಎಷ್ಟೆಷ್ಟು ಹಾಕಿದ್ದು?

ಹೇಳಿಕೊಡುವವರು ಇಲ್ಲಿ ಸುಮ್ಮನಿರಬೇಕು, ಅದೇ ಕಷ್ಟ. ಸಾಮಾನ್ಯವಾಗಿ ಮಗು ದೊಡ್ಡ ಸಂಖ್ಯೆಯಿಂದ ಶುರು ಮಾಡುತ್ತದೆ. ಎರಡು 25 ತೆಗೆದರೆ 21 ಉಳಿಯುತ್ತದೆ, ಅದನ್ನು 8 ಮತ್ತು 15ರಿಂದ ಮಾಡೋಕೆ ಆಗಲ್ಲ. ಒಂದೇ 25 ತೆಗೆದರೆ 46. ಅದರಲ್ಲಿ ಎರಡು 15 ಹೋದರೆ 16, ಅಂದರೆ ಎರಡು ಬಿಯರ್ ಬಾಟಲಿ. ಸಿಕ್ತು! ಈಗ ಕೇಳಿ: "ಬೇರೆ ಉತ್ತರ ಇದೆಯಾ?" ಇದೆ. ಏಳು ಬಿಯರ್ ಬಾಟಲಿಗೆ 56, ಒಂದು ನೀರಿನ ಬಾಟಲಿಗೆ 15, ಒಟ್ಟು 71. "ಮೂರನೆಯ ಉತ್ತರ ಇಲ್ಲ ಅಂತ ಹೇಗೆ ಗೊತ್ತಾಗುತ್ತೆ?" ಇದಕ್ಕೆ ಕ್ರಮವಾಗಿ ಪಟ್ಟಿ ಮಾಡಲೇಬೇಕು. 25 ಇಲ್ಲದೆ, ಒಂದು 25 ಇಟ್ಟು, ಎರಡು ಇಟ್ಟು. ಯಾವುದೂ ತಪ್ಪಿಹೋಗದ ಹಾಗೆ ಹುಡುಕೋದನ್ನು ಮಗು ಇಲ್ಲಿ ಕಲಿಯುತ್ತದೆ, ನನ್ನ ಪ್ರಕಾರ ಉತ್ತರಕ್ಕಿಂತ ಇದೇ ದೊಡ್ಡದು. ಕೊನೆಗೆ ಬೆರಳು ತೆಗೆದು ಚೀಟಿ ನೋಡಿ, ಎರಡರಲ್ಲಿ ಯಾವುದು ನಿಜ ಅಂತ.

ಇದು ನಮಗೆ ಹೊಸತೂ ಅಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಇದೇ ಜಾತಿಯ ಲೆಕ್ಕ ಕೊಟ್ಟಿದ್ದಾನೆ: ಸಮನಾದ 63 ರಾಶಿ ಬಾಳೆಹಣ್ಣು, ಜೊತೆಗೆ ಬಿಡಿ 7 ಹಣ್ಣು, 23 ಪ್ರಯಾಣಿಕರಿಗೆ ಏನೂ ಉಳಿಯದ ಹಾಗೆ ಹಂಚಬೇಕು, ಒಂದು ರಾಶಿಯಲ್ಲಿ ಎಷ್ಟು ಹಣ್ಣು? (5 ಇಟ್ಟು ನೋಡಿ.) ಆ ಗ್ರಂಥ ಸಂಸ್ಕೃತದ್ದು. ಹನ್ನೆರಡನೇ ಶತಮಾನದ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲೇ ಬರೆದ, ಪುಸ್ತಕಕ್ಕೆ ಇಟ್ಟ ಹೆಸರೇ 'ವ್ಯವಹಾರಗಣಿತ'. ಇಲ್ಲಿಯವರಿಗೂ ಅಂಥವನೊಬ್ಬ ಇದ್ದಾನೆ. ಈಗ ಬವೇರಿಯಾಕ್ಕೆ ಸೇರಿರುವ ಸ್ಟಾಫೆಲ್‌ಸ್ಟೈನ್‌ನಲ್ಲಿ ಹುಟ್ಟಿದ ಆದಾಮ್ ರೀಸ್, 1522ರಲ್ಲಿ ಲ್ಯಾಟಿನ್ ಬಿಟ್ಟು ಜರ್ಮನ್‌ನಲ್ಲಿ ಲೆಕ್ಕದ ಪುಸ್ತಕ ಬರೆದ. ಇವತ್ತಿಗೂ ಜರ್ಮನ್ನರು ಒಟ್ಟು ಹೇಳುವಾಗ "ಆದಾಮ್ ರೀಸನ ಪ್ರಕಾರ ಇಷ್ಟಾಯ್ತು" ಅಂತಾರೆ.

ಹಾಗಂತ ಅಂಗಡಿಗೆ ಕರ್ಕೊಂಡು ಹೋದರೆ ಸಾಕು ಅಂದುಕೊಳ್ಳಬೇಡಿ. ಬ್ರೆಜಿಲ್‌ನ ರೆಸೀಫೆ ನಗರದ ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನ ಪ್ರಸಿದ್ಧ. ಒಂದು ತೆಂಗಿನಕಾಯಿಗೆ 35 ಆದರೆ ನಾಲ್ಕಕ್ಕೆ 140 ಅಂತ ವ್ಯಾಪಾರದಲ್ಲಿ ಸರಿಯಾಗಿ ಹೇಳಿದ ಮಗುವೇ, ಕಾಗದದ ಮೇಲೆ 35×4 ಕೊಟ್ಟಾಗ 200 ಅಂತ ಬರೆಯಿತು. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ದೆಹಲಿ ಮತ್ತು ಕೋಲ್ಕತಾದ ಅಧ್ಯಯನವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ, ಇನ್ನೊಂದು ಮುಖವನ್ನೂ ತೋರಿಸುತ್ತದೆ: ಶಾಲೆಯ ಲೆಕ್ಕದಲ್ಲಿ ಚುರುಕಾದ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಎರಡು ದಡಗಳ ನಡುವೆ ಸೇತುವೆ ತಾನಾಗಿ ಬೆಳೆಯಲ್ಲ. ಆದ್ದರಿಂದ ಬಾಟಲಿ ಲೆಕ್ಕ ಬಿಡಿಸಿದ ಕೂಡಲೇ ಅದನ್ನು ಶಾಲೆಯ ಭಾಷೆಯಲ್ಲಿ ಬರೆಸಬೇಕು: 2×8 + 2×15 + 25 = 71. ದೊಡ್ಡ ಮಕ್ಕಳಾದರೆ 8x + 15y + 25z = 71. ಮರುವಾರ ಉಲ್ಟಾ ಮಾಡಿ: ಬರೀ ಸಮೀಕರಣ ಕೊಟ್ಟು ಅದಕ್ಕೆ ಕಥೆ ಕಟ್ಟಿಸಿ.

ಇದನ್ನೆಲ್ಲ ಕನ್ನಡದಲ್ಲಿ ಮಾಡಿ ಅನ್ನೋದು ನನ್ನ ಹಟ. ಭಾಷಾಭಿಮಾನಕ್ಕೆ ಅಲ್ಲ, ಉಪಯೋಗಕ್ಕೆ. ಜರ್ಮನ್‌ನಲ್ಲಿ 47 ಅಂದರೆ "ಏಳು ಮತ್ತು ನಲವತ್ತು". ಕೇಳಿದ ಕ್ರಮದಲ್ಲೇ ಬರೆದರೆ 74 ಆಗಿಬಿಡುತ್ತದೆ. "ನಲವತ್ತೇಳು" ಅಂದಾಗ ಹತ್ತರ ಸ್ಥಾನ ಮೊದಲೇ ಬರುತ್ತದೆ. ಗಡಿಯಾರ ಇನ್ನೂ ಮಜಾ. ಬವೇರಿಯಾದ ಹಳಬರು 2:45ಕ್ಕೆ "ಮುಕ್ಕಾಲು ಮೂರು" ಅಂತಾರೆ, ಅಂದರೆ ಮೂರನೆಯ ಗಂಟೆಯಲ್ಲಿ ಮುಕ್ಕಾಲು ಕಳೆದಿದೆ. ನಾವು "ಎರಡೂ ಮುಕ್ಕಾಲು" ಅಂತೀವಿ, ಎರಡರ ಮೇಲೆ ಮುಕ್ಕಾಲು. ಎರಡೂ ಸರಿ ಹೇಗೆ ಅಂತ ಗಡಿಯಾರದ ಚಿತ್ರ ಬರೆದು ವಿವರಿಸೋಕೆ ಮಗುವಿಗೇ ಹೇಳಿ, ಭಿನ್ನರಾಶಿಯ ಒಂದು ತರಗತಿ ಅದರಲ್ಲೇ ಆಗುತ್ತದೆ.

ಐದು ಆರನೇ ಕ್ಲಾಸಿನವರಿಗೆ ಶನಿವಾರದ ಅಂಗಡಿ ಬಿಲ್ ಇಟ್ಟುಕೊಳ್ಳಿ. ಆಹಾರ ಪದಾರ್ಥಕ್ಕೆ ಹೆಚ್ಚಾಗಿ 7%, ಸೋಪಿಗೆ 19% ತೆರಿಗೆ, ಬೆಲೆಯೊಳಗೇ ಸೇರಿರುತ್ತದೆ. 10.70 ಯೂರೋ ಅಕ್ಕಿ ಚೀಲದಲ್ಲಿ ತೆರಿಗೆ ಎಷ್ಟು? ಮಗು 75 ಸೆಂಟ್ ಅನ್ನಬಹುದು, ಅಪ್ಪನೂ ಅನ್ನಬಹುದು. ಬಿಲ್ಲಿನ ಕೆಳಗೆ 70 ಅಂತ ಅಚ್ಚಾಗಿರುತ್ತದೆ. ಆ ಐದು ಸೆಂಟ್ ಎಲ್ಲಿ ಹೋಯ್ತು ಅಂತ ಇಬ್ಬರೂ ಕೂತು ಹುಡುಕಲಿ, ನೀವು ಅಷ್ಟರಲ್ಲಿ ಕಾಫಿ ಕುಡಿದು ಮುಗಿಸಿ.